ಊರಿನಿಂದ ಕಚೇರಿಗೆ: ಶ್ರೀನಿವಾಸಪುರ ಸೀಮೆಯಲ್ಲಿ ಸರ್ಕಾರಿ ಸೇವೆಯ ದೂರ

ಕೋಲಾರ ಜಿಲ್ಲೆಯ ಉತ್ತರ ಭಾಗದಲ್ಲಿ ಆಂಧ್ರದ ಗಡಿಗೆ ತಾಗಿಕೊಂಡಿರುವ ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಮರಳುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗಿಟ್ಟರೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಹೀಗೆ ದಿವಾನರಿಂದ ಹೆಸರು ಪಡೆದ ಈ ಸೀಮೆಯಲ್ಲಿ ಹಿಂದೆ ಸಾಮಾನ್ಯ ರೈತನಿಗೆ ಸರ್ಕಾರವೆಂದರೆ ಊರಿನ ಲೆಕ್ಕಪತ್ರ ಬರೆಯುವ ಶ್ಯಾನುಭೋಗ ಮತ್ತು ಕಂದಾಯ ವಸೂಲಿ ಮಾಡುವ ಪಟೇಲ. ಅವರ ಮೇಲೆ ಹೋಬಳಿಗೆ ಶೇಕ್‌ದಾರ, ತಾಲ್ಲೂಕಿಗೆ ಅಮಲ್ದಾರ ಇರುತ್ತಿದ್ದರು.

ವಂಶಪಾರಂಪರ್ಯವಾಗಿ ಬರುತ್ತಿದ್ದ ಈ ಗ್ರಾಮಾಧಿಕಾರದಲ್ಲಿ ದಾಖಲೆ ಊರಿನಲ್ಲೇ ಇದ್ದರೂ ಅದು ಬಡವನ ಕೈಗೆ ಸಿಗುವುದು ಲೆಕ್ಕ ಹಿಡಿದವರ ಮರ್ಜಿಯನ್ನು ಅವಲಂಬಿಸಿತ್ತು. ಮನೆಮಾತು ತೆಲುಗಾಗಿದ್ದ ಅನೇಕರಿಗೆ ಕನ್ನಡದ ಕಾಗದವನ್ನು ಮತ್ತೊಬ್ಬರು ಓದಿ ಹೇಳಬೇಕಾಗಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ಪ್ರಜೆಗಳ ಅಹವಾಲನ್ನು ದಿವಾನರ ಮುಂದಿಡುವ ದಾರಿ ತೆರೆದರೂ, ಆ ದಾರಿ ಮುಖ್ಯವಾಗಿ ಭೂಹಿಡುವಳಿದಾರರಿಗೂ ವರ್ತಕರಿಗೂ ಮೀಸಲಾಗಿತ್ತು.

1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಶ್ಯಾನುಭೋಗಿಕೆ ಅಳಿದು, ಸಂಬಳ ಪಡೆಯುವ ಗ್ರಾಮಲೆಕ್ಕಿಗರು ಬಂದರು. ಮುಂದೆ, 2000ದ ಸುಮಾರಿಗೆ ಭೂಮಿ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು, ಅಂದರೆ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರವಿರುವ ಪತ್ರಗಳನ್ನು, ಗಣಕಯಂತ್ರಕ್ಕೆ ಏರಿಸಿತು. 15 ರೂಪಾಯಿಗೆ ಪಹಣಿ ದೊರೆಯತೊಡಗಿ ಅಕ್ರಮ ತಿದ್ದುಪಡಿಯ ಅವಕಾಶ ಕಡಿಮೆಯಾಯಿತಾದರೂ, ಊರಿನಲ್ಲಿ ಸಿಗುತ್ತಿದ್ದ ಕಾಗದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಾದ ಹೊಸ ದೂರವೂ ಹುಟ್ಟಿತು. ರಾಯಲ್ಪಾಡು, ನೆಲವಂಕಿಯಂತಹ ಹೋಬಳಿಗಳ ಜನರಿಗೆ ಇದರಿಂದ ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯೂ ನಷ್ಟವಾಗುವ ಸ್ಥಿತಿಯಿತ್ತು.

ಆ ದೂರವನ್ನು ಕುಗ್ಗಿಸಲು ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, 2012ರಲ್ಲಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2016ರಲ್ಲಿ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಗಳು, 2022ರಿಂದ ಗ್ರಾಮ ಒನ್ ಕೇಂದ್ರಗಳು ಬಂದವು. 2012ರಲ್ಲೇ ಜಾರಿಯಾದ ಸಕಾಲ ಕಾಯ್ದೆಯು ಸೇವೆಗೆ ಕಾಲಮಿತಿ ವಿಧಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕನ್ನು ಅರ್ಜಿದಾರನಿಗೆ ಕೊಟ್ಟಿತು.

ಆದರೆ ಈ ಸುಧಾರಣೆಗಳು ದೂರವನ್ನು ಅಳೆದದ್ದು ನಡೆಯಬಲ್ಲವನ, ಕಾಣಬಲ್ಲವನ, ಕೇಳಬಲ್ಲವನ ಲೆಕ್ಕದಲ್ಲಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಕಚೇರಿಯ ಮೂರು ಮೆಟ್ಟಿಲು ಮೂರು ಹರದಾರಿಗಿಂತ ದೂರ. ಅಂಗವಿಕಲರ 1995ರ ಕಾಯ್ದೆ, ಬಳಿಕ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದ 2016ರ ಕಾಯ್ದೆ, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದವು. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಸುಗಮತೆಯ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ತೀರ್ಪಿತ್ತಿತು. ಕರ್ನಾಟಕದ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾವೂ ಅಂಗವಿಕಲರಾಗಿದ್ದು, ಮಾಸಾಶನ ಮತ್ತು ಗುರುತಿನ ಚೀಟಿಯ ಅರ್ಜಿಗಳನ್ನು ಮನೆಯ ಬಾಗಿಲಿನಿಂದ ಕಚೇರಿಗೆ ತಲುಪಿಸುವ ಕೊಂಡಿಯಾಗಿದ್ದಾರೆ.

ಶ್ಯಾನುಭೋಗನ ಕಡತದಿಂದ ಗ್ರಾಮ ಒನ್‌ವರೆಗಿನ ಈ ಚರಿತ್ರೆ ಕಲಿಸುವ ಪಾಠ ಒಂದೇ: ಕಚೇರಿ ಹತ್ತಿರ ಬಂದಿತೇ ಎಂಬುದನ್ನು ನಿರ್ಧರಿಸಬೇಕಾದವರು ಅದನ್ನು ತಲುಪಲು ಅತಿ ಹೆಚ್ಚು ಕಷ್ಟಪಡುವವರು, ಮತ್ತು ಅವರು ಒಪ್ಪುವವರೆಗೆ ಸುಧಾರಣೆ ಮುಗಿದಿಲ್ಲ.