ಸಿ ಫಾರಂ: ಒಂದು ಹಾಳೆಯ ಚರಿತ್ರೆ

ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ರಾಜಮಹಾರಾಜರು, ಕದನಗಳು, ಶಿಲಾಶಾಸನಗಳು. ಪ್ರೌಢಶಾಲೆಯ ಸಮಾಜ ವಿಜ್ಞಾನ ಪಠ್ಯದಲ್ಲಿಯೂ ಅವುಗಳಿಗೇ ಅಗ್ರಸ್ಥಾನ. ಆದರೆ ಸಾಮಾನ್ಯ ಜನರ ಬದುಕನ್ನು ಸದ್ದಿಲ್ಲದೆ ರೂಪಿಸಿದ ಕೆಲವು ಕಾಗದಗಳಿಗೂ ಚರಿತ್ರೆಯಿದೆ. ಅಂತಹವುಗಳಲ್ಲಿ ಒಂದು, ಹಳೆಯ ವರ್ತಕರೆಲ್ಲರೂ ಬಲ್ಲ 'ಸಿ ಫಾರಂ'. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಂಗಡಿ, ಕಾರ್ಖಾನೆಗಳನ್ನು ನಡೆಸುತ್ತಿದ್ದೀರಿ. ಕೆಲವರು ಸಮುದ್ರದಾಚೆ ವ್ಯಾಪಾರ ಮಾಡುತ್ತಿದ್ದೀರಿ. ನಿಮಗೆ ಈ ಹಾಳೆಯ ಕಥೆ ಉಪಯುಕ್ತವಾದೀತೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಕಾರ್ಖಾನೆಯಲ್ಲಿ ತಯಾರಾದ ಒಂದು ಪಾತ್ರೆಯ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಅದು ಸಗಟು ವ್ಯಾಪಾರಿಗೆ, ಅವನಿಂದ ಚಿಲ್ಲರೆ ಅಂಗಡಿಗೆ, ಅಲ್ಲಿಂದ ಗೃಹಿಣಿಯ ಕೈಗೆ ಹೋಗುತ್ತದೆ. ಈ ಮೂರು ಮಾರಾಟಗಳಲ್ಲಿಯೂ ಶೇ. 10ರಂತೆ ತೆರಿಗೆ ಹಾಕಿದರೆ, ಯಾರೂ ಒಂದು ಕಾಸು ಲಾಭ ಇಟ್ಟುಕೊಳ್ಳದಿದ್ದರೂ ಬೆಲೆ 110, ನಂತರ 121, ಕೊನೆಗೆ 133 ರೂಪಾಯಿ 10 ಪೈಸೆ ಆಗುತ್ತದೆ. ತೆರಿಗೆಯ ಮೇಲೆ ತೆರಿಗೆ ಬೀಳುವುದೆಂದರೆ ಇದೇ. ಇದನ್ನು ತಪ್ಪಿಸಬೇಕಾದರೆ, ಮರುಮಾರಾಟಕ್ಕಾಗಿ ಕೊಳ್ಳುವವನನ್ನೂ ಸ್ವಂತ ಬಳಕೆಗಾಗಿ ಕೊಳ್ಳುವವನನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಗುರುತಿಸುವುದು ಹೇಗೆ? ಕೊಳ್ಳುವವನ ಮುಖ ನೋಡಿದರೆ ತಿಳಿಯುವುದಿಲ್ಲ. ಅವನೇ ಬರೆದು, ಸಹಿ ಹಾಕಿ ಕೊಡಬೇಕು. ಆ ಬರಹವೇ ಮರುಮಾರಾಟದ ಘೋಷಣಾ ಪತ್ರ.

ನಮ್ಮ ದೇಶದಲ್ಲಿ ಇದರ ಬೇರು 1935ರ ಭಾರತ ಸರ್ಕಾರ ಕಾಯಿದೆಯಲ್ಲಿದೆ. ಸರಕುಗಳ ಮಾರಾಟದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಅದು ಪ್ರಾಂತಗಳಿಗೆ ನೀಡಿತು. ಆ ಅಧಿಕಾರವನ್ನು ಬಳಸಿ ಸಾಮಾನ್ಯ ಮಾರಾಟ ತೆರಿಗೆಯನ್ನು ಮೊಟ್ಟಮೊದಲು ತಂದದ್ದು ಮದ್ರಾಸ್ ಪ್ರಾಂತದ ರಾಜಾಜಿಯವರ ಸರ್ಕಾರ, 1939ರಲ್ಲಿ. ಪಾನನಿರೋಧದಿಂದ ಕೈತಪ್ಪಿದ ಅಬಕಾರಿ ಆದಾಯವನ್ನು ತುಂಬಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮಂಗಳೂರು, ಬಳ್ಳಾರಿಗಳು ಅಂದು ಮದ್ರಾಸ್ ಪ್ರಾಂತದಲ್ಲಿದ್ದುದರಿಂದ, ಕನ್ನಡ ನಾಡಿನಲ್ಲಿ ಈ ತೆರಿಗೆಯ ರುಚಿಯನ್ನು ಮೊದಲು ಕಂಡವರು ಅಲ್ಲಿನ ವರ್ತಕರು. ಹುಬ್ಬಳ್ಳಿ, ಧಾರವಾಡಗಳಿಗೆ ಮುಂಬಯಿ ಪ್ರಾಂತದ 1946ರ ಕಾಯಿದೆ ಬಂದಿತು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿಯೂ ಹೈದರಾಬಾದಿನಲ್ಲಿ 1950ರಲ್ಲಿಯೂ ಕಾಯಿದೆಗಳಾದವು. ಏಕೀಕರಣದ ಮರುವರ್ಷ, 1957ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯಿದೆ ದೊರೆಯಿತು.

ಪ್ರಾಂತಗಳು ಹಿಡಿದ ದಾರಿಗಳು ಮಾತ್ರ ಒಂದೇ ಆಗಿರಲಿಲ್ಲ. ಮದ್ರಾಸಿನವರು ದರವನ್ನು ಕಡಿಮೆ ಇಟ್ಟು ಪ್ರತಿಯೊಂದು ಮಾರಾಟದ ಮೇಲೆಯೂ ತೆರಿಗೆ ಹಾಕಿದರು. 1941ರ ಬಂಗಾಳದ ಕಾಯಿದೆ ಕೊನೆಯ ಹಂತದ ತೆರಿಗೆಯನ್ನು ಆರಿಸಿಕೊಂಡಿತು. ನೋಂದಾಯಿತ ವರ್ತಕನು ಮರುಮಾರಾಟಕ್ಕಾಗಿ ಕೊಳ್ಳುವುದಾಗಿ ಘೋಷಣಾ ಪತ್ರ ಕೊಟ್ಟರೆ ಆ ಮಾರಾಟಕ್ಕೆ ತೆರಿಗೆಯಿಲ್ಲ. ಬಳಕೆದಾರನಿಗೆ ಮಾರುವಾಗ ಮಾತ್ರ ತೆರಿಗೆ. ಮರುಮಾರಾಟದ ಪತ್ರವು ನಮ್ಮಲ್ಲಿ ತನ್ನ ಪೂರ್ಣರೂಪದಲ್ಲಿ ಕಾಣಿಸಿಕೊಂಡದ್ದು ಅಲ್ಲಿ.

ಸ್ವಾತಂತ್ರ್ಯಾನಂತರ ಹೊಸ ತೊಡಕೊಂದು ತಲೆದೋರಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸರಕು ಹೋದಾಗ ತೆರಿಗೆ ಯಾರಿಗೆ ಸೇರಬೇಕು? ಸರಕು ಬಳಕೆಯಾಗುವ ರಾಜ್ಯವು ತೆರಿಗೆ ಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯವು 1953ರಲ್ಲಿ, ಯುನೈಟೆಡ್ ಮೋಟರ್ಸ್ ಪ್ರಕರಣದಲ್ಲಿ ಹೇಳಿತು. ಇದರಿಂದ ಒಂದೂರಿನಲ್ಲಿ ಕುಳಿತ ವರ್ತಕನಿಗೆ ಹಲವು ರಾಜ್ಯಗಳಿಂದ ತೆರಿಗೆಯ ಬೇಡಿಕೆ ಬರುವ ಸ್ಥಿತಿ ಉಂಟಾಯಿತು. ಕಲ್ಕತ್ತೆಯ ಬೆಂಗಾಲ್ ಇಮ್ಯುನಿಟಿ ಎಂಬ ಔಷಧ ಕಂಪನಿಯು ಬಿಹಾರದ ಇಂತಹ ಬೇಡಿಕೆಯನ್ನು ಪ್ರಶ್ನಿಸಿತು. 1955ರಲ್ಲಿ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನೇ ಬದಲಿಸಿತು. ಡಾ. ಜಾನ್ ಮಥಾಯಿಯವರ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಆಯೋಗದ ಶಿಫಾರಸು, 1956ರ ಸಂವಿಧಾನದ ಆರನೆಯ ತಿದ್ದುಪಡಿ, ಅದೇ ವರ್ಷದ ಕೇಂದ್ರ ಮಾರಾಟ ತೆರಿಗೆ ಕಾಯಿದೆ, ಇವು ಆ ಗೊಂದಲದ ಫಲಗಳು. ಮಾರುವ ರಾಜ್ಯವೇ ತೆರಿಗೆ ಪಡೆಯಬೇಕು. ಆದರೆ ಕೊಳ್ಳುವವನು ನೋಂದಾಯಿತ ವರ್ತಕನಾಗಿದ್ದು ಮರುಮಾರಾಟ, ತಯಾರಿಕೆ ಮುಂತಾದ ಗೊತ್ತಾದ ಉದ್ದೇಶಗಳಿಗೆ ಕೊಂಡರೆ ದರ ಕಡಿಮೆ ಇರಬೇಕು, ಎಂಬುದು ಅದರ ಸಾರ. ಆ ರಿಯಾಯಿತಿಗೆ ಆಧಾರವಾಗಿ 1957ರ ನಿಯಮಗಳಲ್ಲಿ ಹುಟ್ಟಿದ್ದೇ ಸಿ ಫಾರಂ. ಆರಂಭದಲ್ಲಿ ಶೇ. 1 ಇದ್ದ ರಿಯಾಯಿತಿ ದರವು 1963ರಲ್ಲಿ ಶೇ. 2, 1966ರಲ್ಲಿ ಶೇ. 3, 1975ರಲ್ಲಿ ಶೇ. 4 ಆಯಿತು.

ಅದನ್ನು ಪಡೆಯುವ ಬಗೆ ಹೀಗಿತ್ತು. ವರ್ತಕನು ಮೊದಲು ಕೇಂದ್ರ ಕಾಯಿದೆಯಡಿ 'ಎ' ನಮೂನೆಯಲ್ಲಿ ಅರ್ಜಿ ಸಲ್ಲಿಸಿ 'ಬಿ' ನಮೂನೆಯ ನೋಂದಣಿ ಪ್ರಮಾಣಪತ್ರ ಪಡೆಯಬೇಕು. ಅವನು ಯಾವ ಯಾವ ಬಗೆಯ ಸರಕುಗಳನ್ನು ಯಾವ ಉದ್ದೇಶಕ್ಕಾಗಿ ತರಿಸುತ್ತಾನೆಂಬುದು ಅದರಲ್ಲಿ ನಮೂದಾಗಿರುತ್ತಿತ್ತು. ಸಿ ಫಾರಂಗಳನ್ನು ತನ್ನ ರಾಜ್ಯದ ತೆರಿಗೆ ಕಚೇರಿಯಿಂದಲೇ ತರಬೇಕು. ಹಿಂದೆ ಪಡೆದವುಗಳ ಲೆಕ್ಕ ಒಪ್ಪಿಸಬೇಕು. ಒಂದೊಂದು ಫಾರಂಗೂ ಮೂರು ಭಾಗ. ಒಂದು ಕೊಂಡವನಲ್ಲಿ ಉಳಿಯುತ್ತಿತ್ತು, ಎರಡು ಮಾರಿದವನಿಗೆ ಹೋಗುತ್ತಿದ್ದವು. ಮಾರಿದವನು ಮೂಲ ಪ್ರತಿಯನ್ನು ತನ್ನ ತೆರಿಗೆ ಅಧಿಕಾರಿಗೆ ಸಲ್ಲಿಸಿ ನಕಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತಿದ್ದನು. ಫಾರಂ ಕಳೆದುಹೋದರೆ ನಷ್ಟಭರ್ತಿ ಬಾಂಡ್ ಬರೆದುಕೊಡಬೇಕಾಗಿತ್ತು.

ನಮ್ಮ ದೊಡ್ಡಪ್ಪನವರಿಗೆ ಸ್ಟೀಲ್ ಪಾತ್ರೆಗಳ ಅಂಗಡಿಯಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ವಿದ್ಯಾರ್ಥಿಯಾಗಿದ್ದಾಗ, ಅಕ್ಷರ ದುಂಡಾಗಿದೆ ಎಂಬ ಕಾರಣಕ್ಕೆ ಸಿ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮದರಾಸಿನ ಸಗಟು ವ್ಯಾಪಾರಿಗಳಿಂದ 'ದಯವಿಟ್ಟು ಸಿ ಫಾರಂ ಕಳುಹಿಸಿರಿ' ಎಂಬ ಕಾರ್ಡುಗಳು ಮೇಲಿಂದ ಮೇಲೆ ಬರುತ್ತಿದ್ದವು. ಒಮ್ಮೆ ಅಕ್ಕನ ಮದುವೆಗೆಂದು ಕೊಯಮತ್ತೂರಿನಿಂದ ಹಿಟ್ಟು ರುಬ್ಬುವ ಗ್ರೈಂಡರ್ ತರಿಸಬೇಕಾಯಿತು. ಅಂಗಡಿಯ ಹೆಸರಿನಲ್ಲಿಯೇ ಬಿಲ್ ಮಾಡಿಸಿ ಸಿ ಫಾರಂ ಕೊಟ್ಟರೆ ಸಾವಿರ ರೂಪಾಯಿಗೆ 40 ರೂಪಾಯಿ ತೆರಿಗೆ. ಫಾರಂ ಇಲ್ಲದಿದ್ದರೆ ಕಡಿಮೆಯೆಂದರೂ 100. ಅಂಗಡಿಯ ಗುಮಾಸ್ತರು ಮೊದಲನೆಯದನ್ನೇ ಸೂಚಿಸಿದರು. ದೊಡ್ಡಪ್ಪ ಒಪ್ಪಲಿಲ್ಲ. "ಇದು ಮಾರೋಕಲ್ಲ, ಮನೆಗೆ. ಮಾರೋಕೆ ಅಂತ ಬರೆದು ನಾನು ಸಹಿ ಹಾಕೋದಿಲ್ಲ" ಎಂದರು. ಪೂರ್ತಿ ತೆರಿಗೆ ತೆತ್ತೇ ಗ್ರೈಂಡರ್ ಮನೆಗೆ ಬಂದಿತು.

ಅವರ ಮಾತಿನಲ್ಲಿ ಕಾನೂನೂ ಇತ್ತು. ಪ್ರಮಾಣಪತ್ರದಲ್ಲಿ ಇಲ್ಲದ ಸರಕಿಗೆ ಫಾರಂ ಕೊಡುವುದು, ಹೇಳಿದ ಉದ್ದೇಶವನ್ನು ಬಿಟ್ಟು ಸಕಾರಣವಿಲ್ಲದೆ ಬೇರೆಯದಕ್ಕೆ ಬಳಸುವುದು, ಇವೆರಡೂ ಕೇಂದ್ರ ಕಾಯಿದೆಯ 10ನೆಯ ಕಲಮಿನ ಪ್ರಕಾರ ಅಪರಾಧಗಳು. ಆರು ತಿಂಗಳವರೆಗೆ ಸಾದಾ ಸಜೆ ಆಗಬಹುದಿತ್ತು. ಅದರ ಬದಲಿಗೆ ತೆರಿಗೆಯ ಒಂದೂವರೆ ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿತ್ತು.

ಇನ್ನು, ಮಾರುವವನ ಹೊಣೆ ಎಷ್ಟು? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಉತ್ತರ ನೀಡಿವೆ. 1965ರ ಕೇದಾರನಾಥ ಜೂಟ್ ಪ್ರಕರಣವು ಮೇಲೆ ಹೇಳಿದ ಬಂಗಾಳದ ಕಾಯಿದೆಗೆ ಸಂಬಂಧಿಸಿದ್ದು. ನೋಂದಾಯಿತ ವರ್ತಕರಿಗೇ ಮಾರಿದ್ದೇನೆಂದು ಬೇರೆ ಸಾಕ್ಷ್ಯ ಒದಗಿಸಿದರೆ ಸಾಲದು, ಘೋಷಣಾ ಪತ್ರವನ್ನೇ ಹಾಜರುಪಡಿಸಬೇಕು ಎಂದು ನ್ಯಾಯಾಲಯ ಹೇಳಿತು. ಮರುವರ್ಷ, ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಪ್ರಕರಣದಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು. ಕೊಳ್ಳುವವನು ನೋಂದಾಯಿತನೇ, ಆ ಸರಕು ಅವನ ಪ್ರಮಾಣಪತ್ರದಲ್ಲಿ ಇದೆಯೇ ಎಂಬುದನ್ನು ಮಾರುವವನು ಖಚಿತಪಡಿಸಿಕೊಂಡರೆ ಸಾಕು. ಸರಕನ್ನು ಕೊಂಡವನು ಮುಂದೆ ಏನು ಮಾಡಿದನೆಂದು ಹಿಂಬಾಲಿಸಿ ನೋಡುವುದು ಅವನ ಕೆಲಸವಲ್ಲ. ಹೀಗೆ ಹಾಳೆ ಕೈಯಲ್ಲಿದ್ದವನಿಗೆ ರಕ್ಷಣೆ, ಇಲ್ಲದವನಿಗೆ ಸಂಕಟ. ಸರಕು ಕಳುಹಿಸಿ, ಹಣವೂ ಬಂದು, ಫಾರಂ ಮಾತ್ರ ಬಾರದೆ ಉಳಿದರೆ ತೆರಿಗೆಯ ಅಂತರವೆಲ್ಲ ಮಾರಿದವನ ತಲೆಯ ಮೇಲೆ ಬೀಳುತ್ತಿತ್ತು. ಆ ಕಾರ್ಡುಗಳಲ್ಲಿದ್ದ ಕಳವಳದ ಅರ್ಥ ಇದು.

ಅಮೆರಿಕದಲ್ಲಿರುವ ನನ್ನ ಶಿಷ್ಯರಿಗೆ ಇದು ಹೊಸದೆನಿಸದು. ಅಲ್ಲಿ ರಾಜ್ಯಗಳ ಚಿಲ್ಲರೆ ಮಾರಾಟ ತೆರಿಗೆ ಬೆಳೆದದ್ದು 1930ರ ದಶಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ. ಮಿಸಿಸಿಪ್ಪಿಯಲ್ಲಿ 1932ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 1933ರಲ್ಲಿ. ಆ ತೆರಿಗೆ ಇಂದಿಗೂ ಕೊನೆಯ ಬಳಕೆದಾರನ ಹಂತದ್ದೇ. ಆದ್ದರಿಂದ ಮರುಮಾರಾಟಕ್ಕೆ ಕೊಳ್ಳುವ ಅಂಗಡಿಯವನು ರಾಜ್ಯದಲ್ಲಿ ನೋಂದಾಯಿಸಿಕೊಂಡು ಮಾರುವವನಿಗೆ 'ರೀಸೇಲ್ ಸರ್ಟಿಫಿಕೇಟ್' ಕೊಡುತ್ತಾನೆ. ಹಾಗೆ ಕೊಂಡದ್ದನ್ನು ಮನೆಗೆ ಬಳಸಿದರೆ 'ಯೂಸ್ ಟ್ಯಾಕ್ಸ್' ತೆರಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ತತ್ವ ಮಾತ್ರ ನಮ್ಮ ದೊಡ್ಡಪ್ಪನವರ ಗ್ರೈಂಡರಿನದೇ.

ನಾವು ಬೇರೆ ದಾರಿ ಹಿಡಿದೆವು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂದಿತು. ರಾಜ್ಯದೊಳಗೆ ಪ್ರತಿ ಹಂತದಲ್ಲಿಯೂ ತೆರಿಗೆ ಕೊಟ್ಟು, ಮುಂದಿನ ಮಾರಾಟದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಪದ್ಧತಿ ಅದು. ಕೇಂದ್ರ ಮಾರಾಟ ತೆರಿಗೆಯ ರಿಯಾಯಿತಿ ದರವೂ 2007ರಲ್ಲಿ ಶೇ. 3ಕ್ಕೆ, 2008ರಲ್ಲಿ ಶೇ. 2ಕ್ಕೆ ಇಳಿಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದ ಮೇಲೆ ಸಿ ಫಾರಂ ಬಹುತೇಕ ಮರೆಯಾಗಿ, ಪೆಟ್ರೋಲ್, ಡೀಸೆಲ್, ಮದ್ಯದಂತಹ ಜಿಎಸ್‌ಟಿಯ ಹೊರಗಿರುವ ಕೆಲವೇ ಸರಕುಗಳಿಗೆ ಸೀಮಿತವಾಯಿತು. ಈಗ 'ಮರುಮಾರಾಟಕ್ಕೆ' ಎಂಬ ಮಾತನ್ನು ನಂಬಿ ಯಾರೂ ತೆರಿಗೆ ಬಿಡುವುದಿಲ್ಲ. ಮೊದಲು ಕೊಡು, ಆಮೇಲೆ ಜಮೆ ಪಡೆ ಎಂಬುದು ಹೊಸ ನ್ಯಾಯ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಿಂದೆ ಕೊಂಡವನು ಫಾರಂ ಕಳುಹಿಸದಿದ್ದರೆ ನಷ್ಟ ಮಾರಿದವನಿಗಾಗುತ್ತಿತ್ತು. ಈಗ ಮಾರಿದವನು ತನ್ನ ಬಿಲ್ಲನ್ನು ಸರಿಯಾಗಿ ಸಲ್ಲಿಸದಿದ್ದರೆ, ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದಿದ್ದರೆ, ಕೊಂಡವನ ಜಮೆಗೆ ಕುತ್ತು. 2022ರ ಜನವರಿಯಿಂದಂತೂ ಮಾರಿದವನು ಸಲ್ಲಿಸಿದ ವಿವರದಲ್ಲಿ ಕಾಣದ ಬಿಲ್ಲಿಗೆ ಜಮೆಯೇ ದೊರೆಯುವುದಿಲ್ಲ. ತಾನು ಕೊಟ್ಟ ತೆರಿಗೆಯನ್ನು ಇನ್ನೊಮ್ಮೆ ಕೊಡಬೇಕಾದ ಚಿಕ್ಕ ವ್ಯಾಪಾರಿಯ ಸಂಕಟ ಸಾಮಾನ್ಯವಾದುದಲ್ಲ. ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತೇ ಹೊರತು ಇಳಿಯಲಿಲ್ಲ. ಹಾಳೆಯ ಕಾಲದಲ್ಲಿಯೂ ಕಂಪ್ಯೂಟರಿನ ಕಾಲದಲ್ಲಿಯೂ ಒಬ್ಬ ವರ್ತಕನ ಪ್ರಾಮಾಣಿಕತೆ ಇನ್ನೊಬ್ಬನ ಪ್ರಾಮಾಣಿಕತೆಯ ಆಸರೆಯಲ್ಲಿಯೇ ನಿಂತಿದೆ.

ಆದ್ದರಿಂದ ವ್ಯಾಪಾರದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ. ಕೊಳ್ಳುವ ಮುನ್ನ ಮಾರುವವನ ನೋಂದಣಿ ಸಂಖ್ಯೆಯನ್ನು ಪರಿಶೀಲಿಸಿರಿ. ಮಾರಿದ ಮೇಲೆ ನಿಮ್ಮ ವಿವರಗಳನ್ನು ಸಕಾಲದಲ್ಲಿ ಸಲ್ಲಿಸಿರಿ. ಅಮೆರಿಕದಲ್ಲಿರುವವರು ಪಡೆದ ಸರ್ಟಿಫಿಕೇಟುಗಳನ್ನು ವರ್ಷವಾರು ಜೋಡಿಸಿಡಿರಿ. ಎದುರಿಗಿರುವ ವರ್ತಕನ ಮುಖವನ್ನು ನೀವು ಎಂದೂ ಕಾಣದಿರಬಹುದು. ಆದರೆ ನಿಮ್ಮ ಒಂದು ಸಹಿಯನ್ನು ನಂಬಿ ಅವನು ಸರಕನ್ನು ಲಾರಿಗೆ ಏರಿಸಿರುತ್ತಾನೆ.