ಸಮವಸ್ತ್ರದ ಮೇಲಿನ ಕಾಗದದ ಹೂ

ಸೈನಿಕನ ಸಮವಸ್ತ್ರದ ಮೇಲಿನ ಗುಂಡಿ, ಪಟ್ಟಿ, ಪದಕ, ಲಾಂಛನಗಳೆಲ್ಲವೂ ಪ್ರಭುತ್ವದ ಅಪ್ಪಣೆಯಿಂದಲೇ ಅಲ್ಲಿಗೆ ಬಂದವು; ತೊಟ್ಟವನ ಸ್ವಂತ ಅಭಿರುಚಿಗೆ ಅಲ್ಲಿ ಎಡೆಯಿಲ್ಲ. ಇಂಥ ಉಡುಪಿನ ಮೇಲೆ, ಜನರು ಬೀದಿಯಲ್ಲಿ ಕಾಸು ಕೊಟ್ಟು ಪಡೆಯುವ ಕಾಗದದ ಹೂವೊಂದು ವರ್ಷದಲ್ಲಿ ಕೆಲವು ದಿನಗಳ ಮಟ್ಟಿಗಾದರೂ ಜಾಗ ಗಿಟ್ಟಿಸಿಕೊಂಡದ್ದು ಬ್ರಿಟನ್ ಮತ್ತು ಕಾಮನ್‌ವೆಲ್ತ್ ಸೇನೆಗಳ ಶಿಷ್ಟಾಚಾರದ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿ.

ಆ ಹೂ ಅಡುಗೆಮನೆಯ ಗಸಗಸೆಯ ಕುಲದ್ದೇ ಆದ, ಯೂರೋಪಿನ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೆಂಪು ಪಾಪ್ಪಿ. ಇದರ ಬೀಜ ವರ್ಷಗಟ್ಟಲೆ ನೆಲದಲ್ಲಿ ಸುಪ್ತವಾಗಿದ್ದು ಮಣ್ಣು ಅಗೆದಾಗ ಮೊಳೆಯುತ್ತದೆಯಾದ್ದರಿಂದ, ಮೊದಲ ಮಹಾಯುದ್ಧದಲ್ಲಿ ಫಿರಂಗಿಗಳು ಉತ್ತುಹಾಕಿದ ಬೆಲ್ಜಿಯಂ ಮತ್ತು ಫ್ರಾನ್ಸಿನ ರಣಭೂಮಿಯಲ್ಲಿ ಅದು ಹೇರಳವಾಗಿ ಅರಳಿತು. ಕೆನಡಾದ ಸೇನಾವೈದ್ಯ ಜಾನ್ ಮೆಕ್ರೇ 1915ರಲ್ಲಿ ಬರೆದ ಕವಿತೆಯಿಂದ ಪ್ರೇರಿತಳಾಗಿ ಅಮೆರಿಕದ ಮೊಯಿನಾ ಮೈಕೇಲ್ 1918ರ ನವೆಂಬರಿನಲ್ಲಿ ಈ ಹೂವನ್ನು ಸ್ಮರಣೆಯ ಗುರುತಾಗಿ ತೊಟ್ಟಳು; ಫ್ರಾನ್ಸಿನ ಅನ್ನಾ ಗೆರಾಂ ಬಟ್ಟೆಯ ಹೂಗಳನ್ನು ಮಾರಿ ಯುದ್ಧಸಂತ್ರಸ್ತರಿಗಾಗಿ ಹಣ ಕೂಡಿಸುವ ದಾರಿ ತೋರಿದಳು. 1921ರಲ್ಲಿ ಸ್ಥಾಪನೆಯಾದ ಮಾಜಿ ಯೋಧರ ಸಂಘ ಬ್ರಿಟಿಷ್ ಲೀಜನ್ ಅದೇ ವರ್ಷ, ಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಹೂ ಮಾರಿ 1,06,000 ಪೌಂಡ್ ಸಂಗ್ರಹಿಸಿತು. ಮರುವರ್ಷದಿಂದ ಲಂಡನ್ನಿನಲ್ಲಿ ಹೂ ತಯಾರಿಸಿದವರು ಅಂಗವಿಕಲ ಸೈನಿಕರೇ. ಲೀಜನ್ನಿನ ಸ್ಥಾಪಕರಲ್ಲೊಬ್ಬನಾದ, ಅದೇ ಯುದ್ಧದ ಸೋಮ್ ಕದನದ ಅಪಾರ ಸಾವುನೋವಿಗೆ ಇಂದಿಗೂ ಟೀಕೆ ಎದುರಿಸುವ ದಂಡನಾಯಕ ಹೇಗ್‌ನ ಹೆಸರು 1994ರವರೆಗೂ ಹೂವಿನ ನಡುವಿನ ಬೊಟ್ಟಿನ ಮೇಲೆ ಉಳಿದದ್ದು ವಿಚಿತ್ರವೇ ಸರಿ.

ಹೂ ತೊಡುವುದಕ್ಕೆ ಸರಿಯಾದ ಒಂದೇ ಕ್ರಮವೆಂಬುದಿಲ್ಲ ಎನ್ನುವುದು ಲೀಜನ್ನಿನ ನಿಲುವು. ಎಲೆಯ ತುದಿ ಗಡಿಯಾರದ ಹನ್ನೊಂದರ ಕಡೆಗಿರಬೇಕೆಂಬುದು ಜನರ ಬಾಯಲ್ಲಿ ಹುಟ್ಟಿದ ನಿಯಮ ಮಾತ್ರ. ಸಮವಸ್ತ್ರಧಾರಿಗಳಿಗೆ ಈ ಸ್ವಾತಂತ್ರ್ಯವಿಲ್ಲ. ಕೆನಡಾದಲ್ಲಿ ಅಕ್ಟೋಬರಿನ ಕೊನೆಯ ಶುಕ್ರವಾರದಿಂದ ನವೆಂಬರ್ 11ರವರೆಗೆ, ಎಡ ಎದೆಯ ಮೇಲೆ ಹೂ ತೊಡುವುದು ಕ್ರಮ. ಸ್ಮಾರಕಕ್ಕೆ ಹೂಬಳೆ, ಅಂದರೆ ವೃತ್ತಾಕಾರದ ಹೂಮಾಲೆ, ಅರ್ಪಿಸುವ ಸೈನಿಕ ಹಿಂದೆ ಸರಿದು ನಿಂತು ಸೆಲ್ಯೂಟ್ ಮಾಡುತ್ತಾನೆ, ನಾಗರಿಕ ತಲೆ ಬಾಗಿಸುತ್ತಾನೆ. ಪದಕಗಳ ವಿಷಯದಲ್ಲಂತೂ ಕಟ್ಟುಪಾಡು ಇನ್ನೂ ಬಿಗಿ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಮಡಿದವರ ಪದಕಗಳನ್ನು ಬಂಧುಗಳು ಬಲ ಎದೆಯ ಮೇಲೆ ಧರಿಸುವುದು ರೂಢಿ. ಎಡ ಎದೆ ಪದಕವನ್ನು ಸ್ವತಃ ಗಳಿಸಿದವನಿಗೆ ಮೀಸಲು. ಆದರೆ ಕೆನಡಾದಲ್ಲಿ ಪಡೆದವನ ಹೊರತು ಇನ್ನಾರೂ ಪದಕ ಧರಿಸುವಂತಿಲ್ಲ, ಮಗನಾದರೂ ಸರಿ, ಯಾವ ಬದಿಗಾದರೂ ಸರಿ.

ವಸಾಹತುಗಳಿಗೂ ಈ ಹೂ ಬಂತು, ಪ್ರಶ್ನೆಗಳನ್ನು ಜೊತೆಗೇ ತಂದಿತು. ಹೂ ಮಾರಿದ ಹಣದ ಬಹುಪಾಲು ಬ್ರಿಟಿಷ್ ಯೋಧರಿಗೇ ಹೋಗುತ್ತದೆಂಬ ಅಸಮಾಧಾನದಿಂದ ಸಿಲೋನಿನಲ್ಲಿ 1930ರ ದಶಕದಲ್ಲಿ ಸುರಿಯಮಲ್ ಚಳವಳಿ ಹುಟ್ಟಿ, ನವೆಂಬರ್ 11ರಂದೇ ಹಳದಿಯ ಸುರಿಯ ಹೂಗಳನ್ನು ಪಾಪ್ಪಿಗೆ ಎದುರಾಗಿ ಮಾರಿತು. ಇಂಗ್ಲೆಂಡಿನೊಳಗೇ ಮಹಿಳಾ ಸಹಕಾರಿ ಸಂಘವೊಂದು 1933ರಲ್ಲಿ ಶಾಂತಿಯ ಗುರುತಾಗಿ ಬಿಳಿ ಪಾಪ್ಪಿಯನ್ನು ಹೊರತಂದಿತ್ತು.

ಭಾರತ ಸ್ವಾತಂತ್ರ್ಯಾನಂತರ ತನ್ನದೇ ಗುರುತನ್ನು ಆರಿಸಿಕೊಂಡಿತು. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನವಾಗಿದ್ದು, ಭೂ, ನೌಕಾ, ವಾಯುಪಡೆಗಳನ್ನು ಸೂಚಿಸುವ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ದೇಣಿಗೆಗೆ ಪ್ರತಿಯಾಗಿ ಕೊಡಲಾಗುತ್ತದೆ. ಕೂಡಿದ ಹಣ ಮಾಜಿ ಯೋಧರ, ಹುತಾತ್ಮರ ಕುಟುಂಬಗಳ ಮತ್ತು ಗಾಯಾಳುಗಳ ನೆರವಿಗೆ ಸಲ್ಲುತ್ತದೆ. ಇಲ್ಲಿ ಕ್ರಮ ತಿರುವುಮುರುವಾಗಿದೆ: ನಾಗರಿಕರ ಗುರುತನ್ನು ಸೈನಿಕ ತೊಡುವುದಕ್ಕಿಂತ, ಸೈನ್ಯದ ಗುರುತನ್ನು ನಾಗರಿಕನ ಎದೆಗೆ ಚುಚ್ಚುವುದೇ ಮುಖ್ಯ. ಕರ್ನಾಟಕದಲ್ಲಿಯೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳು ರಾಜ್ಯಪಾಲರಿಗೆ ಧ್ವಜ ತೊಡಿಸುವುದು ಧ್ವಜ ದಿನದ ವಾಡಿಕೆ.