ಎಥೆನಾಲ್ ಲೆಕ್ಕದಲ್ಲಿ ಕಾಣದ ನೀರು

ಕಬ್ಬು, ಗೋವಿನಜೋಳ, ಅಕ್ಕಿಯಿಂದ ತಯಾರಿಸಿ ಪೆಟ್ರೋಲಿಗೆ ಬೆರೆಸುವ ಮದ್ಯಸಾರವೇ ಎಥೆನಾಲ್. ಶೇ. 20 ಬೆರೆಸುವ ಗುರಿ ಮೊದಲು 2030ಕ್ಕಿತ್ತು. ನಂತರ 2025-26ಕ್ಕೆ ತಂದರು. ಕಚ್ಚಾತೈಲದ ಆಮದು ತಗ್ಗಿಸುವುದು, ಕಬ್ಬು ಬೆಳೆಗಾರರ ಬಾಕಿ ಬೇಗ ತೀರುವಂತೆ ಮಾಡುವುದು ಉದ್ದೇಶ.

ಸೊಲ್ಲಾಪುರ ಜಿಲ್ಲೆಯ ನಮಗೆ ಇದು ಮನೆಯ ಲೆಕ್ಕ. ಒಂದು ಟನ್ ಕಬ್ಬಿನ ಹಾಲಿನಿಂದ ನೇರವಾಗಿ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. 2024-25ರ ಸರ್ಕಾರಿ ದರ ಲೀಟರಿಗೆ 65.61 ರೂ., ಅಂದರೆ ಟನ್ನಿಗೆ ಸುಮಾರು 4,590 ರೂ. ಅದೇ ಹಂಗಾಮಿನ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ, 3,400 ರೂ. ಕಟಾವು, ಸಾಗಣೆ ಖರ್ಚನ್ನು ಮಹಾರಾಷ್ಟ್ರದಲ್ಲಿ ಅದರಲ್ಲೇ ಮುರಿದುಕೊಳ್ಳುತ್ತಾರೆ. ಕಾರ್ಖಾನೆಗೂ ಖರ್ಚಿದೆ, ಒಪ್ಪೋಣ.

ನೀರಿಗೆ ಮಾತ್ರ ಈ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ. ನೀತಿ ಆಯೋಗದ 2021ರ ವರದಿಯಂತೆ, ಕಬ್ಬಿನಿಂದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು. 70ರಿಂದ ಗುಣಿಸಿ ನೋಡಿ, ಟನ್ನಿಗೆ ಎರಡು ಲಕ್ಷ ಲೀಟರ್! ಉಜನಿ ಕಾಲುವೆ ಮುಟ್ಟದ ಊರುಗಳಲ್ಲಿ ಇದಕ್ಕೆ ಬಾವಿ, ಬೋರ್‌ವೆಲ್ಲೇ ಗತಿ. ನಮ್ಮದೋ, ಹಿಂಗಾರಿನ ತೇವದಲ್ಲೇ ಬಿಳಿಜೋಳ ತೆಗೆಯುವ ಸೀಮೆ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದರೆ ಹೆಚ್ಚುವರಿ ಕಬ್ಬು ಬೇಡ. ಆದರೆ 2024-25ರಲ್ಲಿ ಕೊನೆಯ ಕಾಕಂಬಿಯ ಎಥೆನಾಲಿಗೆ ಸಿಕ್ಕಿದ್ದು 57.97 ರೂ. ಮಾತ್ರ, ದರವೇ ಹಾಲಿನ ಕಡೆ ಎಳೆಯುತ್ತದೆ. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ, ಸಕ್ಕರೆ ಸಾಲದೆಂಬ ಭಯದಿಂದ, ಕೇಂದ್ರ ಹಾಲಿನ ಎಥೆನಾಲಿಗೆ ತಡೆ ಹಾಕಿತ್ತು. 2024ರ ಆಗಸ್ಟಿನಲ್ಲಿ ಅದನ್ನು ತೆಗೆಯಿತು.

ವಾಹನ ಇರುವವರಿಗೆ ಇನ್ನೊಂದು ಮಾತು: ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಮೈಲೇಜ್ ಸ್ವಲ್ಪ ಇಳಿಯುವುದು ಅದಕ್ಕೇ.